ತಂಗಿಯ ಮನೆಗೆ ಹೋಗಬೇಕಿದ್ದ ಗಾಡಿ

ವಿಶಾಖಪಟ್ಟಣದ ಚಳಿ ಅಂದರೆ ನಮ್ಮ ಗದಗಿನ ಕಡೆಯವರು ನಗುತ್ತಾರೆ. ಸಮುದ್ರದ ದಂಡೆಯಲ್ಲಿ ಎಂಥ ಚಳಿ, ಬೆವರು ಒರೆಸಿಕೊಳ್ಳುವುದು ಸ್ವಲ್ಪ ಕಡಿಮೆಯಾದರೆ ಅದಕ್ಕೇ ಚಳಿ ಅನ್ನುತ್ತೀರೇನು ಅಂತ ನನ್ನ ಅಣ್ಣ ಫೋನಿನಲ್ಲಿ ಕೇಳುತ್ತಿದ್ದ. ನನ್ನ ಗಂಡನ ಎದೆಗೆ ಅಷ್ಟು ಚಳಿಯೇ ಸಾಕಾಗುತ್ತಿತ್ತು. ಬಂದರಿನ ವರ್ಕ್‌ಶಾಪಿನಲ್ಲಿ ಇಡೀ ಆಯುಷ್ಯ ಕಬ್ಬಿಣದ ಧೂಳು ಕುಡಿದ ಎದೆ ಅದು. ದೀಪಾವಳಿ ಮುಗಿದು ಬೆಳಗಿನ ಗಾಳಿ ತಣ್ಣಗಾದ ಕೂಡಲೇ ಕೆಮ್ಮು ಶುರುವಾಗುತ್ತಿತ್ತು. ಚಳಿ ಮುಗಿಯುವ ತನಕ ಮೋಟಾರ್‌ಸೈಕಲ್ ಮುಟ್ಟಬೇಡ ಅಂತ ಡಾಕ್ಟರು ಹೇಳಿದ್ದರು. ಹೆಂಡತಿ ಹೇಳಿದ್ದನ್ನು ಒಂದು ದಿನವೂ ಕೇಳದ ಮನುಷ್ಯ, ಡಾಕ್ಟರು ಹೇಳಿದ್ದನ್ನು ಕೇಳಿದ.

ಹಾಗಾಗಿ ನಮ್ಮ ಮನೆಯಲ್ಲಿ ಪ್ರತಿ ವರ್ಷ ಗಾಡಿಯನ್ನು ಮಲಗಿಸುವುದು ಒಂದು ಕೆಲಸ, ಎಬ್ಬಿಸುವುದು ಇನ್ನೊಂದು ಕೆಲಸ. ಮಲಗಿಸುವಾಗ ಟ್ಯಾಂಕಿನ ಪೆಟ್ರೋಲನ್ನು ಪೈಪು ಹಾಕಿ ತೆಗೆಯುತ್ತಿದ್ದ. ಪ್ಲಗ್ಗು ಬಿಚ್ಚಿ ಆ ತೂತಿನೊಳಗೆ ನಾಲ್ಕು ಹನಿ ಎಣ್ಣೆ ಬಿಡುತ್ತಿದ್ದ. ಕೊನೆಗೆ ನನ್ನ ಹಳೇ ಸೀರೆಯೊಂದನ್ನು ಹೊದಿಸಿ, ಎಂವಿಪಿ ಕಾಲೋನಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಕಂಬಕ್ಕೆ ಒರಗಿಸಿ ನಿಲ್ಲಿಸುತ್ತಿದ್ದ. ರಥಸಪ್ತಮಿಯ ದಿನ ಸೀರೆ ತೆಗೆಯಬೇಕು. ಅವತ್ತು ಬೆಳಿಗ್ಗೆ ಅವನು ಕಿಕ್ ಹೊಡೆದೂ ಹೊಡೆದೂ ಬನಿಯನ್ನು ತೊಯ್ಯಿಸಿಕೊಂಡು ಗಾಡಿಯನ್ನು ಬೈಯುವುದು, ಸಾಲದ್ದಕ್ಕೆ ನನ್ನನ್ನು ಬೈಯುವುದು, ಆಮೇಲೆ ಸರಕಾರವನ್ನು ಬೈಯುವುದು. ಕಡೆಗೆ ಅದು ಕೆಮ್ಮಿಕೊಂಡು ಎದ್ದರೆ ನಾನು ಹ್ಯಾಂಡಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದೆ. ವರ್ಷದ ಮೊದಲ ಸವಾರಿಗೆ ಹಿಂದಿನ ಸೀಟಿನಲ್ಲಿ ಮನೆಯ ಮುತ್ತೈದೆ ಕೂರಬೇಕು ಅಂತ ನನ್ನ ಅತ್ತೆ ಹಾಕಿಕೊಟ್ಟ ಪದ್ಧತಿ. ನಿಂಬೆಹಣ್ಣು ಚಪ್ಪಟೆಯಾಗುತ್ತಿದ್ದಂತೆ ಗಾಡಿ ಬೀಚ್ ರಸ್ತೆಗೆ ಬೀಳುತ್ತಿತ್ತು. ದಾರಿಯಲ್ಲಿ ಎಲ್ಲಾದರೂ ಒಂದು ಚಹಾ ಕುಡಿದು ವಾಪಸು. ಇಷ್ಟೇ.

ಆ ಸವಾರಿಯಲ್ಲಿ ನಾವೇನು ಮಾತಾಡುತ್ತಿದ್ದೆವು ಅಂತ ಕೇಳಿದರೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಅವನಿಗೆ ಮಾತು ಬರುತ್ತಿರಲಿಲ್ಲ, ನನಗೆ ಗಾಳಿಯಲ್ಲಿ ಕೂಗಿ ಮಾತಾಡುವ ಶೋಕಿ ಇರಲಿಲ್ಲ. ಒಂದು ವರ್ಷ ಚಹಾದ ಅಂಗಡಿಯ ಮುಂದೆ ನಾನು ಸೆರಗು ಸರಿ ಮಾಡಿಕೊಳ್ಳುತ್ತಿದ್ದಾಗ ಹತ್ತಿ ಕೂತಿದ್ದೇನೆ ಅಂದುಕೊಂಡು ಹೊರಟೇ ಹೋದ. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಇನ್ನೊಂದು ಚಹಾ ಕುಡಿದೆ. ತಿರುಗಿ ಬಂದು ನನಗೇ ಜೋರು ಮಾಡಿದ.

"ಹತ್ತಿಲ್ಲಾಂತ ಹೇಳಾಕ ಬಾಯಿ ಇದ್ದಿಲ್ಲೇನ ನಿನಗ?"

"ನಿನಗ ಬೆನ್ನು ಹಗರ ಆಗಿದ್ದು ಗೊತ್ತಾಗಲಿಲ್ಲೇನ?" ಅಂದೆ ನಾನು.

ಅವತ್ತಿನಿಂದ ಹೊರಡುವ ಮೊದಲು "ಆತೇನ?" ಅಂತ ಕೇಳುವುದು ಕಲಿತ. ಆತು ಅಂತ ಬಾಯಲ್ಲಿ ಹೇಳಿದರೆ ಇಂಜಿನ್ನಿನ ಸದ್ದಿಗೆ ಕೇಳುತ್ತಿರಲಿಲ್ಲ. ಅದಕ್ಕೆ ಅವನ ಬೆನ್ನಿಗೆ ಅಂಗೈಯಿಂದ ಒಂದು ಏಟು ಹಾಕುತ್ತಿದ್ದೆ. ಏಟು ಬಿದ್ದ ಮೇಲೆ ಗೇರು. ವರ್ಷಗಟ್ಟಲೆ ಕೂತು ಕೂತು ಸೀಟಿನ ಹಿಂಭಾಗ ಹರಿದಾಗ ಕೌದಿ ಹೊಲಿಯುವ ದಬ್ಬಣದಿಂದ ನಾನೇ ರೆಕ್ಸಿನ್ ತುಂಡು ಹಾಕಿ ಹೊಲಿದಿದ್ದೆ. ಹೊಲಿಗೆ ದಪ್ಪಗಿತ್ತು, ಕೂತರೆ ತೊಡೆಗೆ ಒತ್ತುತ್ತಿತ್ತು. "ಗುಡಾರಕ್ಕ ತೇಪಿ ಹಾಕಿದಂಗ ಹಾಕೀದಿ" ಅಂತ ಅವನು ಹೀಯಾಳಿಸಿದ್ದ. ತೆಗೆಸಿ ಬೇರೆ ಹಾಕಿಸಲೂ ಇಲ್ಲ.

ಹೋದ ವರ್ಷ ದೀಪಾವಳಿ ಆದ ಮೇಲೆ ಎಂದಿನಂತೆ ಗಾಡಿಗೆ ಸೀರೆ ಹೊದಿಸಿದ. ಅದಾಗಿ ವಾರ ತುಂಬುವುದರೊಳಗೆ ಅವನ ಮೇಲೂ ಬಟ್ಟೆ ಹೊದಿಸಿದರು. ಕೆಮ್ಮಿನಲ್ಲೇ ಹೋದ. ಆ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಸಾಯುವುದು ಎಲ್ಲರ ಮನೆಯಲ್ಲೂ ಒಂದೇ ಥರ ಇರುತ್ತದೆ. ಆಮೇಲೆ ಉಳಿದವರನ್ನು ಏನು ಮಾಡುತ್ತಾರೆ ಅನ್ನುವುದು ಒಂದೊಂದು ಕಡೆ ಒಂದೊಂದು ಥರ, ನನಗೆ ಹೇಳಬೇಕಾದದ್ದು ಅದು.

ನನ್ನ ಅತ್ತೆ ಕನ್ನಡದವಳು, ಮಾವ ತೆಲುಗಿನವರು. ಮನೆಯಲ್ಲಿ ಎರಡೂ ಮಾತು ನಡೆಯುತ್ತಿತ್ತು, ಶಾಸ್ತ್ರಗಳು ಮಾತ್ರ ಎಲ್ಲಾ ತೆಲುಗಿನವು. ಅದರಲ್ಲಿ ಒಂದು, ನಿದ್ರ. ಗಂಡ ಸತ್ತವಳನ್ನು ತವರಿನವರು ಬಂದು ಕರೆದುಕೊಂಡು ಹೋಗಿ, ತಮ್ಮ ಮನೆಯಲ್ಲಿ ಒಂದು ರಾತ್ರಿ ಮಲಗಿಸಿ, ಉಣ್ಣಿಸಿ, ಸೀರೆ ಕೊಟ್ಟು ಕಳಿಸಬೇಕು. ಇದನ್ನೇ ನಿದ್ರ ಮಾಡಿಸುವುದು ಅನ್ನುತ್ತಾರೆ. ಅದು ಆಗುವ ತನಕ ಅವಳು ಬೇರೆ ಯಾರ ಮನೆಯ ಹೊಸ್ತಿಲನ್ನೂ ದಾಟುವಂತಿಲ್ಲ.

ಮೊದಲಾಗಿದ್ದರೆ ನಾನು ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಯಾರ ಮನೆಗೂ ಹೋಗಿ ನನಗೆ ಆಗಬೇಕಾದದ್ದು ಏನೂ ಇಲ್ಲ. ಆದರೆ ಅದೇ ಚಳಿಗಾಲದಲ್ಲಿ ನನ್ನ ಮಗಳು ಹೆತ್ತಳು. ಅವಳ ಮನೆ ಇದೇ ಊರಿನ ಮಧುರವಾಡದಲ್ಲಿ. ನಮ್ಮ ಮನೆಯಲ್ಲಿ ಒಲೆಯ ಮೇಲೆ ಅನ್ನಕ್ಕಿಟ್ಟು ಆಟೋ ಹತ್ತಿದರೆ ಅದು ಬೇಯುವುದರೊಳಗೆ ಅವಳ ಬಾಗಿಲಲ್ಲಿ ಇರಬಹುದು. ಬಾಣಂತನಕ್ಕೆ ನನ್ನ ಹತ್ತಿರ ಬರಬೇಕಿದ್ದವಳು ಸಾವಿನ ಮನೆ ಅಂತ ಅಲ್ಲೇ ಉಳಿದಳು. ಮಗುವನ್ನು ಇಲ್ಲಿಗೆ ತರುವಂತಿಲ್ಲ, ನಿದ್ರ ಆಗದ ನಾನು ಅಲ್ಲಿಗೆ ಹೋಗುವಂತಿಲ್ಲ. ಅವಳ ಅತ್ತೆ ಇಂಥವನ್ನೆಲ್ಲ ಬಹಳ ಪಾಲಿಸುವ ಹೆಂಗಸು. ಮಗಳು ದಿನಾ ಫೋನಿನಲ್ಲಿ ಮಗುವಿನ ಮುಖ ತೋರಿಸುತ್ತಿದ್ದಳು. ಹಸಿದವಳಿಗೆ ಹೋಟೆಲಿನ ಕಿಟಕಿ ತೋರಿಸಿದ ಹಾಗೆ.

ಗದಗಿನ ಅಣ್ಣನಿಗೆ ಫೋನು ಮಾಡಿದೆ.

"ಏನಂದಿ? ಮಲಗಾಕ ಕರಕೊಂಡು ಹೋಗಬೇಕಾ?" ಅಂದ. "ನಮ್ಮ ಕಡೆ ಇಂಥಾದ್ದು ಎಲ್ಲಿ ಐತವಾ? ಅಲ್ಲೇ ನಿಮ್ಮ ಮನ್ಯಾಗ ಮಲಗಿದರ ನಿದ್ದಿ ಹತ್ತೂದಿಲ್ಲೇನ?"

"ನನಗ ಹತ್ತತೈತಿ ಅಣ್ಣಾ, ಅವರಿಗೆ ಹತ್ತೂದಿಲ್ಲ."

"ಮೊಣಕಾಲು ಹಿಡದಾವ ತಂಗೀ. ಎರಡು ರೈಲು ಬದಲಿ ಮಾಡಿ ಬರೂದು ನನ್ನ ಕೈಲಿ ಆಗೂದಿಲ್ಲ. ನೀ ಬೇಸಿಗಿಗೆ ಬಾ."

ಉಳಿದದ್ದು ವಿಜಯವಾಡದ ತಂಗಿ. ಅವ್ವ ಕೂಲಿಗೆ ಹೋದಾಗ ನಾನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಅವಳ ಮದುವೆಯೂ ನಾನೇ ತಂದ ಸಂಬಂಧ, ನನ್ನ ಗಂಡನ ಗುರುತಿನವರ ಮನೆ, ಅವರು ತೆಲುಗಿನವರೇ. ತಂಗಿ ಫೋನಿನಲ್ಲಿ ಅತ್ತಳು. "ನಾ ಇಲ್ಲೇನಕ್ಕಾ? ನನ್ನ ಮನಿ ನಿನ್ನ ತವರಮನಿ ಅಲ್ಲೇನು? ನಾವು ಬಂದು ಕರಕೊಂಡು ಬರ್ತೀವಿ" ಅಂದಳು. ನಾನು ನಂಬಿದೆ.

ಪುಷ್ಯ ಮಾಸದಲ್ಲಿ ಅವಳ ಗಂಡ ವಿಶಾಖಪಟ್ಟಣಕ್ಕೆ ಬಂದ. ನನ್ನನ್ನು ಕರೆದೊಯ್ಯಲು ಬಂದ ಅಂದುಕೊಂಡು ಚೀಲದಲ್ಲಿ ಎರಡು ಸೀರೆ ಹಾಕಿಟ್ಟೆ. ಅವನು ಬಂದದ್ದು ಮೋಟಾರ್‌ಸೈಕಲ್ಲಿಗೆ. ಕೆಳಗೆ ಗಾಡಿ ಸುಮ್ಮನೆ ಜಾಗ ಹಿಡಿದಿದೆ, ಚಿಕ್ಕಮ್ಮನ ಮಗನಿಗೆ ಹಳೇ ಗಾಡಿಗಳ ಹುಚ್ಚು, ಒಯ್ಯಲಿ ಬಿಡು ಅಂತ ನನ್ನ ಮಗ ಅವನ ಹತ್ತಿರ ಮಾತಾಡಿ ಮುಗಿಸಿದ್ದ. ನನ್ನನ್ನು ಕೇಳಿದ. ಹ್ಞೂಂ ಅಂದೆ. ಹೊಡೆಯುವವನೇ ಇಲ್ಲದ ಮೇಲೆ ಗಾಡಿ ಇಟ್ಟುಕೊಂಡು ಪೂಜೆ ಮಾಡುವ ಜಾತಿಯವಳು ನಾನಲ್ಲ.

ತಂಗಿಯ ಗಂಡ ಮೇಲೆ ಬಂದು ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತ. ನೀರು ಕೊಟ್ಟರೆ ಬೇಡ ಅಂದ. ಅವನು ಮಾತಾಡುವುದು ತೆಲುಗು, ನಾನು ಅದನ್ನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

"ಈಗ ಶೂನ್ಯ ಮಾಸ ವದಿನಗಾರೂ. ಶೂನ್ಯ ಮಾಸದಲ್ಲಿ ನಿದ್ರಕ್ಕೆ ಕರೆದೊಯ್ಯಬಾರದು. ಮಾಘ ಬರಲಿ, ನಾನೇ ಬರುತ್ತೇನೆ."

ವದಿನ ಅಂದರೆ ಅತ್ತಿಗೆ. ಅಷ್ಟು ಮರ್ಯಾದೆಗೆ ಅವನಲ್ಲಿ ಕೊರತೆ ಇರಲಿಲ್ಲ.

"ಗಾಡಿಗೆ ಶೂನ್ಯ ಮಾಸ ಇಲ್ಲವೋ?" ಅಂದೆ.

ಅವನು ನಕ್ಕ. ತಮಾಷೆ ಮಾಡಿದೆ ಅಂದುಕೊಂಡ. ರೈಲಿನ ಪಾರ್ಸಲ್ ಆಫೀಸಿನವರು ಹುಲ್ಲು ತುಂಬಿ, ಗೋಣಿತಾಟು ಸುತ್ತಿ, ಹಗ್ಗ ಬಿಗಿದು ಗಾಡಿಯನ್ನು ಹತ್ತಿಸಿಕೊಂಡರಂತೆ. ಹೊದಿಸಿದ್ದ ಸೀರೆಯನ್ನು ಮಗ ಮಡಿಚಿ ತಂದು ಕೊಟ್ಟ. ಅದನ್ನು ನೆಲ ಒರೆಸಲು ಹಾಕಿದೆ.

ರಥಸಪ್ತಮಿ ಬಂತು, ಹೋಯಿತು. ಯಾರೂ ಬರಲಿಲ್ಲ. ನಾನೇ ಫೋನು ಮಾಡಿ ತಂಗಿಗೆ ನಾಚಿಕೆ ಬಿಟ್ಟು ಕೇಳಿದೆ. "ಇವರಿಗೆ ಕೆಲಸ ಭಾಳ ಅಕ್ಕಾ, ನಮ್ಮ ಹುಡುಗನ ಮದುವಿ ಬ್ಯಾರೆ ನಿಶ್ಚಯ ಆಗೇತಿ. ನೀ ರೈಲು ಹತ್ತಿಬಿಡು, ಸ್ಟೇಷನ್ನಿಗೆ ಇವರು ಬರ್ತಾರ" ಅಂದಳು. ತವರಿನವರು ಬಂದು ಕರೆದುಕೊಂಡು ಹೋಗಬೇಕು ಅನ್ನುವ ಶಾಸ್ತ್ರ ಅಲ್ಲೇ ಅರ್ಧ ಮುರಿಯಿತು. ಸೊಸೆ ಅದನ್ನು ನೆನಪಿಸಿದಳು. "ಅತ್ತಯ್ಯಾ, ನೀವಾಗಿ ಹೋದರೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ" ಅಂದಳು. "ಬಂದಷ್ಟು ಬರಲಿ" ಅಂದೆ. ನನಗೆ ಮಗು ನೋಡಬೇಕಿತ್ತು. ಒಂದು ರಾತ್ರಿ ತಂಗಿಯ ಮನೆಯ ಮೂಲೆಯಲ್ಲಿ ಚಾಪೆ ಹಾಸಿದರೆ ಮಧುರವಾಡದ ಬಾಗಿಲು ತೆರೆಯುತ್ತದೆ. ಇದಕ್ಕಿಂತ ಹೆಚ್ಚಿನದೇನೂ ನಾನು ಕೇಳಿರಲಿಲ್ಲ.

ಬೆಳಗಿನ ರೈಲಿಗೆ ಮಗ ಹತ್ತಿಸಿದ. ಮಧ್ಯಾಹ್ನ ವಿಜಯವಾಡದಲ್ಲಿ ಇಳಿದೆ. ಸ್ಟೇಷನ್ನಿನ ಹೊರಗೆ ಆಟೋದವರು ಕೈ ಹಿಡಿದು ಎಳೆಯುತ್ತಿದ್ದರು. ಆ ಗದ್ದಲದ ನಡುವೆ ಗೊತ್ತಿರುವ ಸದ್ದೊಂದು ಕೇಳಿತು. ಹೊಸ ಗಾಡಿಗಳ ಹಾಗೆ ಗುಂಯ್ ಅನ್ನುವುದಿಲ್ಲ ಅದು, ಒಣಗಿದ ಕೆಮ್ಮಿನ ಹಾಗೆ ಬಿಟ್ಟು ಬಿಟ್ಟು ಹೊಡೆಯುತ್ತದೆ. ತಂಗಿಯ ಗಂಡ ನನ್ನ ಗಂಡನ ಮೋಟಾರ್‌ಸೈಕಲ್ ತಂದಿದ್ದ. ತೊಳೆದು ಥಳಥಳ ಮಾಡಿದ್ದರು. ಹ್ಯಾಂಡಲ್ಲಿಗೆ ಹೊಸದಾಗಿ ಅರಿಶಿನ, ಕುಂಕುಮ, ಮಾವಿನೆಲೆ. ಮುಂದಿನ ಗಾಲಿಗೆ ನಿಂಬೆಹಣ್ಣಿನ ಸಿಪ್ಪೆ ಇನ್ನೂ ಮೆತ್ತಿಕೊಂಡಿತ್ತು.

"ಇವತ್ತೇ ಹೊರಗೆ ತೆಗೆದದ್ದು ವದಿನಗಾರೂ. ಪಾರ್ಸಲ್ಲಿನಿಂದ ಬಂದ ಮೇಲೆ ಹಾಗೇ ಇಟ್ಟಿದ್ದೆವು. ಮೆಕ್ಯಾನಿಕ್ ನಿನ್ನೆ ಕೊಟ್ಟ. ಇದೇ ಮೊದಲ ಸವಾರಿ."

ವರ್ಷದ ಮೊದಲ ಸವಾರಿಗೆ ಈ ಸಲವೂ ನಾನೇ ಹಿಂದೆ ಕೂತೆ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ನನ್ನ ಹೊಲಿಗೆ ತೊಡೆಗೆ ಒತ್ತಿತು. ಅವನು ಆತೇನ ಅಂತ ಕೇಳಲಿಲ್ಲ, ಆದರೂ ಅಭ್ಯಾಸದಿಂದ ನನ್ನ ಕೈ ಹೋಗಿ ಅವನ ಬೆನ್ನಿಗೆ ಏಟು ಹಾಕಿತು. ಅವನು ಹೌಹಾರಿ ತಿರುಗಿದ.

"ಏನಾಯ್ತು?"

"ಏನಿಲ್ಲ, ಹೊರಡು."

ನಾಲ್ಕು ತಿಂಗಳು ಮೂರನೇ ಮಹಡಿಯ ಮನೆಯೊಳಗೆ ಕೂತವಳ ಮುಖಕ್ಕೆ ಗಾಳಿ ಬಡಿಯಿತು. ಸುಳ್ಳು ಯಾಕೆ ಹೇಳಲಿ, ಹಿತವಾಯಿತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು, ಆ ಊರಿನಲ್ಲಿ ಚಳಿ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಕಾಲುವೆಯ ನೀರಿನ ವಾಸನೆ ಬಂತು. ಯಾರೋ ಜೋಳದ ತೆನೆ ಸುಡುತ್ತಿದ್ದರು. ತಂಗಿ ಏನು ಅಡುಗೆ ಮಾಡಿರಬಹುದು ಅಂತ ಯೋಚಿಸಿದೆ. ಅವಳಿಗೆ ಝುಣಕ ಮಾಡಲು ನಾನೇ ಕಲಿಸಿದ್ದು, ಅದನ್ನಾದರೂ ಮಾಡಿರುತ್ತಾಳೆ ಅಂದುಕೊಂಡೆ.

ತಂಗಿಯ ಮನೆ ಪಟಮಟದ ಕಡೆ. ಮೊದಲು ಅಲ್ಲಿಗೆ ಎಷ್ಟೋ ಸಲ ಬಂದಿದ್ದೇನೆ, ಬಂದರ್ ರಸ್ತೆ ಹಿಡಿಯಬೇಕು. ಗಾಡಿ ಬಂದರ್ ರಸ್ತೆ ಹಿಡಿಯಲಿಲ್ಲ. ಎದುರಿಗೆ ಇಂದ್ರಕೀಲಾದ್ರಿ ದೊಡ್ಡದಾಗುತ್ತಾ ಬಂತು. ಮೊದಲು ದುರ್ಗಮ್ಮನಿಗೆ ಕೈ ಮುಗಿಸಿ ಕರೆದೊಯ್ಯುತ್ತಾನೇನೋ ಅಂದುಕೊಂಡೆ. ಗುಡ್ಡದ ಬುಡದಲ್ಲಿ, ನದಿಯ ಕಡೆಯ ಒಂದು ಸಂದಿಯಲ್ಲಿ ಗಾಡಿ ನಿಂತಿತು. ಮುಂದೆ ಯಾತ್ರೆಯವರು ಇಳಿಯುವ ಹಳೇ ಛತ್ರ. ಕಟಾಂಜನಕ್ಕೆ ಒದ್ದೆ ಪಂಚೆ, ಟವೆಲು ನೇತುಹಾಕಿದ್ದರು.

ಅವನು ಇಳಿದ. ನಾನು ಇಳಿಯಲಿಲ್ಲ.

"ರೂಮು ಹೇಳಿದ್ದೇನೆ ವದಿನಗಾರೂ. ಫ್ಯಾನು ಇದೆ. ಊಟ ಇಲ್ಲೇ ಕೊಡುತ್ತಾರೆ. ಅಮ್ಮನವರ ಪಾದದ ಕೆಳಗೆ ನಿದ್ರ ಮಾಡುವುದು ಮನೆಯಲ್ಲಿ ಮಾಡಿದ್ದಕ್ಕಿಂತ ಮೇಲು ಅಂತ ಪುರೋಹಿತರೇ ಹೇಳಿದರು."

"ತಂಗಿ ಎಲ್ಲಿ?"

"ಮನೆಯಲ್ಲಿ ಅರಿಶಿನ ಕುಟ್ಟಿ ಆಗಿದೆ." ಅವನು ನನ್ನ ಮುಖ ಬಿಟ್ಟು ಟ್ಯಾಂಕನ್ನು ನೋಡುತ್ತಾ ಹೇಳಿದ. "ಮದುವೆಯ ಅರಿಶಿನ ಕುಟ್ಟಿದ ಮೇಲೆ ನಿದ್ರ ಆಗದವರು... ನಿಮಗೆ ಗೊತ್ತಲ್ಲ. ಹುಡುಗಿಯ ಕಡೆಯವರು ಬಂದು ಹೋಗುತ್ತಿರುತ್ತಾರೆ. ನಾಳೆ ಬೆಳಿಗ್ಗೆ ಅವಳೇ ಬಂದು ಸೀರೆ ಕೊಡುತ್ತಾಳೆ. ಶಾಸ್ತ್ರಕ್ಕೇನೂ ಕಡಿಮೆ ಆಗುವುದಿಲ್ಲ."

ಸ್ಟೇಷನ್ನಿನಲ್ಲೇ ಹೇಳಬಹುದಿತ್ತು. ನಿನ್ನೆ ಫೋನಿನಲ್ಲಿ ಹೇಳಬಹುದಿತ್ತು. ಹೇಳಿದ್ದರೆ ನಾನು ಬರುತ್ತಿರಲಿಲ್ಲ ಅಂತ ಗೊತ್ತಿದ್ದೇ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು. ಗಾಡಿಯ ಮೇಲೆ ಕೂರಿಸಿಕೊಂಡು ಬಂದು ಇಲ್ಲಿ ಇಳಿಸಿದರೆ ಮುದುಕಿ ಏನು ಮಾಡುತ್ತಾಳೆ?

ಅವನು ಛತ್ರದವನ ಹತ್ತಿರ ಮಾತಾಡಲು ಒಳಗೆ ಹೋದ. ಕೀಲಿ ಗಾಡಿಯಲ್ಲೇ ಇತ್ತು. ನಾನು ಇಳಿದೆ, ಕೀಲಿ ಕಿತ್ತೆ, ಸೊಂಟಕ್ಕೆ ಸಿಕ್ಕಿಸಿಕೊಂಡೆ, ಛತ್ರದ ಕಟ್ಟೆಯ ಮೇಲೆ ಕೂತೆ. ಸಿಟ್ಟಿನಲ್ಲಿ ಮಾಡಿದೆನೋ ಯೋಚಿಸಿ ಮಾಡಿದೆನೋ ಈಗಲೂ ಹೇಳಲು ಬರುವುದಿಲ್ಲ. ಕೂತ ಮೇಲೆ ಮಾತ್ರ ಏನು ಹೇಳಬೇಕು ಅನ್ನುವುದು ಪೂರ್ತಿ ಗೊತ್ತಿತ್ತು.

ಅವನು ಹೊರಗೆ ಬಂದು ಗಾಡಿ ನೋಡಿದ, ಜೇಬು ತಡವಿದ, ನೆಲ ನೋಡಿದ.

"ಕೀಲಿ ನನ್ನ ಹತ್ತಿರ ಇದೆ" ಅಂದೆ. "ಗಾಡಿ ಇವತ್ತು ಇಲ್ಲೇ ಇರಲಿ."

"ಯಾಕೆ?"

ತೆಲುಗಿನಲ್ಲೇ ಶುರು ಮಾಡಿದೆ. ಸಿಟ್ಟು ಏರಿದ ಮೇಲೆ ನನಗೆ ಕನ್ನಡವೇ ಬರುವುದು. ಅವನು ಅಷ್ಟು ವರ್ಷ ನನ್ನ ತಂಗಿಯ ಬಾಯಲ್ಲಿ ಕೇಳಿದವನು, ಅರ್ಥ ಆಗುತ್ತದೆ.

"ಯಾಕಂದ್ರ ಇದೂ ಸತ್ತವರ ಮನಿಯಿಂದ ಬಂದೈತಿ. ಇದರ ಯಜಮಾನ ಸತ್ತಾನ. ನಾ ಅವನ ಹಿಂದ ಕುಂತಾಕಿ, ಇದು ಅವನ್ನ ಹೊತ್ತು ತಿರುಗಿದ್ದು. ನನಗ ನಿದ್ರ ಬೇಕಂದ್ರ ಇದಕ್ಕೂ ಬೇಕು. ಇದಕ್ಕ ಯಾವ ತವರಿನವರು ನಿದ್ರ ಮಾಡಿಸ್ಯಾರ? ಅರಿಶಿನ ಕುಟ್ಟಿದ ಮನಿಯೊಳಗ ನಿದ್ರ ಆಗದ್ದನ್ನ ತಂದು ನಿಲ್ಲಿಸೀರಲ್ಲ, ಮದುಮಗನ್ನ ಇದರ ಮ್ಯಾಲೆ ಕುಂಡ್ರಸ್ತೀರೇನು?"

ಅವನು ನಗಲು ನೋಡಿದ. ನಗು ಅರ್ಧಕ್ಕೆ ನಿಂತಿತು. ಪಕ್ಕದಲ್ಲಿ ಕನಕಾಂಬರ ಕಟ್ಟುತ್ತಾ ಕೂತ ಮುದುಕಿಯೊಬ್ಬಳು ಏನಂತೆ ಅಂತ ಕೇಳಿದಳು. ನಾನು ತೆಲುಗಿನಲ್ಲಿ ಮತ್ತೊಮ್ಮೆ ಎಲ್ಲಾ ಹೇಳಿದೆ. ಅವಳು ದಾರ ಹಲ್ಲಿನಲ್ಲಿ ಹಿಡಿದುಕೊಂಡೇ ತಲೆ ಆಡಿಸಿದಳು.

"ನಿಜವೇ ಅಲ್ಲವಾ ನನ್ನಪ್ಪಾ. ಹೋದವನ ಚಪ್ಪಲಿಯನ್ನೇ ಮನೆಯೊಳಗೆ ಇಡುವುದಿಲ್ಲ, ನೀನು ಗಾಡಿ ಇಟ್ಟಿದ್ದೀಯಲ್ಲ. ಗಂಡಿಗೆ ಒಳ್ಳೆಯದಲ್ಲ."

"ಅದು ಕಬ್ಬಿಣ ಅಮ್ಮಾ!" ಅಂದ ಅವನು.

"ಕಬ್ಬಿಣಕ್ಕೆ ಮತ್ತೆ ಅರಿಶಿನ ಕುಂಕುಮ ಯಾಕೆ ಹಚ್ಚಿದೆ?" ಅಂದಳು ಮುದುಕಿ, ಹೂವಿನಿಂದ ಕಣ್ಣೆತ್ತದೆ.

ಅವನ ಮುಖದ ಬಣ್ಣ ಹೋಯಿತು. ನಾನು ಅದನ್ನು ತಣ್ಣಗೆ ಕೂತು ನೋಡಿದೆ. ನನ್ನನ್ನು ಯಾವ ಶಾಸ್ತ್ರದಿಂದ ಹೊರಗೆ ಇಟ್ಟರೋ ಅದೇ ಶಾಸ್ತ್ರ ಈಗ ಅವನ ಮಗನ ತಲೆಯ ಮೇಲೆ ಕೂತಿತ್ತು. ನಾನು ನಂಬಿ ಹೇಳಿದ ಮಾತಲ್ಲ ಅದು. ಅವನು ನಂಬುತ್ತಾನೆ ಅಂತ ಗೊತ್ತಿತ್ತು, ಅಷ್ಟೇ. ಕೀಲಿ ಕೊಡಿ ಅಂತ ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಸಂದಿಯ ತುದಿಗೆ ನಡೆದು ಹೋಗಿ, ಆಟೋ ಹತ್ತಿ ಮನೆಗೆ ಹೋದ.

ಸಂಜೆಯ ತನಕ ನಾನು ಕಟ್ಟೆಯ ಮೇಲೇ ಕೂತಿದ್ದೆ. ಗಂಡ ಒಬ್ಬನೇ ಆಟೋದಲ್ಲಿ ಬಂದದ್ದು ನೋಡಿದರೆ ತಂಗಿ ವಿಷಯ ಕೇಳುತ್ತಾಳೆ, ಕೇಳಿದರೆ ಓಡಿ ಬರುತ್ತಾಳೆ, ಬಂದರೆ ನಡಿಯಕ್ಕಾ ಮನಿಗೆ ಅನ್ನುತ್ತಾಳೆ. ಹೀಗೆಲ್ಲ ಅಂದುಕೊಂಡೆ. ವಯಸ್ಸಾದರೂ ಇಷ್ಟು ಬುದ್ಧಿ ಬಂದಿರಲಿಲ್ಲ ನನಗೆ. ಮೇಲೆ ಗುಡಿಯ ದೀಪ ಹತ್ತಿದವು. ಛತ್ರದವರು ಅನ್ನ, ನೀರು ಸಾರು ಕೊಟ್ಟರು, ಉಂಡೆ. ರೂಮಿನಲ್ಲಿ ಫ್ಯಾನು ಇತ್ತು, ಅವನು ಸುಳ್ಳು ಹೇಳಿರಲಿಲ್ಲ. ಕೀಲಿ ಸೊಂಟಕ್ಕೆ ಚುಚ್ಚುತ್ತಿತ್ತು, ತೆಗೆದು ದಿಂಬಿನ ಕೆಳಗೆ ಇಟ್ಟೆ. ಒಳಗೆ ನಾನು, ಹೊರಗೆ ಅದು. ಇಬ್ಬರಿಗೂ ನಿದ್ರ ಆಯಿತು.

ಬೆಳಿಗ್ಗೆ ತಂಗಿ ಬಂದಳು. ಆಟೋ ನಿಲ್ಲಿಸಿಕೊಂಡೇ ಬಂದಿದ್ದಳು. ಕೈಯಲ್ಲಿ ಸೀರೆಯ ಪ್ಯಾಕೆಟ್ಟು, ಇಡ್ಲಿಯ ಡಬ್ಬಿ. ಕಣ್ಣು ಊದಿತ್ತು. ನನ್ನಿಂದ ಎರಡು ಮಾರು ದೂರದಲ್ಲೇ ನಿಂತಳು.

"ಅಕ್ಕಾ, ಸಿಟ್ಟು ಮಾಡಬ್ಯಾಡ. ಹುಡುಗನ ಮದುವಿ ಒಂದು ಆಗಿಹೋಗಲಿ. ಆಮ್ಯಾಲೆ ಬಾ, ತಿಂಗಳಗಟ್ಟಲೆ ಇರು. ಯಾರು ಬ್ಯಾಡ ಅಂತಾರ?"

"ಆಮ್ಯಾಲೆ ನಿನ್ನ ಸೊಸಿ ಬಸುರಿ ಆಗ್ತಾಳ."

"ಅಕ್ಕಾ..."

"ಹಡದ ಮ್ಯಾಲೆ ಕೂಸಿನ ತೊಟ್ಟಿಲಾ. ಆಮ್ಯಾಲೆ ಅದರ ಜವಳಾ. ನಾ ಯಾವಾಗ ಬರ್ಲಿ, ನೀನ ಹೇಳು."

ಅವಳು ಅತ್ತಳು. ಅಳುವುದರಲ್ಲಿ ಚಿಕ್ಕಂದಿನಿಂದಲೂ ಮುಂದೆ. "ನನ್ನ ಕೈಯಾಗ ಏನೈತಿ ಅಕ್ಕಾ? ಅತ್ತಿ ಅದಾರ, ಇವರು ಅದಾರ. ನಾ ಒಬ್ಬಾಕಿ ಏನು ಮಾಡ್ಲಿ?"

"ನಿನ್ನ ಕೈಯಾಗ ಬಾಗಲದ ಚಿಲಕ ಇತ್ತು" ಅಂದೆ.

ಸೀರೆ ಚಾಚಿದಳು. ತೆಗೆದುಕೊಂಡೆ. ತೆಗೆದುಕೊಳ್ಳದಿದ್ದರೆ ನಿದ್ರ ಪೂರ್ತಿ ಆಗುವುದಿಲ್ಲ, ಮಧುರವಾಡದ ಬಾಗಿಲು ತೆರೆಯುವುದಿಲ್ಲ. ಅವಳ ಮುಖಕ್ಕೆ ಎಸೆದು ಬಂದೆ ಅಂತ ಬರೆದರೆ ಓದುವವರಿಗೆ ಚೆಂದ ಕಾಣುತ್ತದೆ. ನಾನು ಎಸೆಯಲಿಲ್ಲ, ಮಡಿಚಿ ಚೀಲಕ್ಕೆ ಹಾಕಿಕೊಂಡೆ. ಡಬ್ಬಿ ತೆರೆದು ಇಡ್ಲಿಯನ್ನೂ ತಿಂದೆ. ಚಟ್ನಿಗೆ ಉಪ್ಪು ಜಾಸ್ತಿ ಆಗಿತ್ತು. ಅದನ್ನೂ ಹೇಳಿದೆ.

ಆಮೇಲೆ ಕೀಲಿ ತೆಗೆದು ಕಟ್ಟೆಯ ಮೇಲೆ ಇಟ್ಟೆ. "ತಗೋ. ಒಂದು ರಾತ್ರಿ ಕಳೀತು, ಗಾಡಿಗೆ ಇನ್ನ ಮೈಲಿಗಿ ಇಲ್ಲ. ನಿನ್ನ ಗಂಡಗ ಹೇಳು, ಹೆದರಬ್ಯಾಡ ಅಂತ."

"ಸ್ಟೇಷನ್ನಿನ ತನಕ ಇವರು ಗಾಡಿ ಮ್ಯಾಲೆ ಬಿಡ್ತಾರಕ್ಕಾ. ಈಗ ಫೋನು ಮಾಡ್ತೀನಿ, ಇಲ್ಲಿಗೆ ಬರ್ತಾರ."

"ಬ್ಯಾಡ. ಒಮ್ಮೆ ಕುಂತಿದ್ದು ಸಾಕು."

ಅವಳು ಬಂದ ಆಟೋದಲ್ಲೇ ನಾನು ಸ್ಟೇಷನ್ನಿಗೆ ಹೋದೆ. ಗಂಡ ಬರುವ ತನಕ ಗಾಡಿ ಕಾಯುತ್ತಾ ತಂಗಿ ಛತ್ರದ ಮುಂದೆ ನಿಂತುಕೊಂಡಳು. ಅಷ್ಟು ಹೊತ್ತಾದರೂ ನಿಲ್ಲಲಿ ಅನ್ನಿಸಿತು.

ಮಾರನೇ ದಿನ ಮಗಳ ಮನೆಗೆ ಹೋದೆ, ತಂಗಿ ಕೊಟ್ಟ ಸೀರೆಯನ್ನೇ ಉಟ್ಟುಕೊಂಡು. ಬಾಗಿಲಲ್ಲಿ ಅವಳ ಅತ್ತೆ ನಿಂತಿದ್ದರು. ಕಾಲು ತೊಳೆಯಲು ನೀರು ಕೊಡುವ ಮೊದಲೇ ಕೇಳಿದರು, "ನಿದ್ರ ಎಲ್ಲಿ ಆಯಿತು? ತಂಗಿಯ ಮನೆಯಲ್ಲೇನು?"

"ಗುಡ್ಡದ ಬುಡದ ಛತ್ರದಲ್ಲಿ."

ಅವರು ಎರಡೂ ಕೈ ಕೆನ್ನೆಗೆ ತಟ್ಟಿಕೊಂಡರು. "ಅಮ್ಮನವರ ಪಾದದ ಕೆಳಗೆ! ಎಷ್ಟು ಪುಣ್ಯ ಮಾಡಿದ್ದೀರಿ! ಎಂಥ ತಂಗಿ ನಿಮಗೆ, ಎಷ್ಟು ಯೋಚನೆ ಮಾಡಿ ಏರ್ಪಾಟು ಮಾಡಿದ್ದಾಳೆ!"

ನಾನು ಕಾಲು ತೊಳೆದು ಒಳಗೆ ಹೋಗಿ ಕೂತೆ. ಮಗಳು ನನ್ನ ಮುಖ ನೋಡಿದಳು, ಅವಳಿಗೆ ಅರ್ಥ ಆಯಿತು. ಮಗುವನ್ನು ತಂದು ತೊಡೆಯ ಮೇಲೆ ಹಾಕಿದಳು. ಗಂಡು ಮಗು, ಹಣೆ ಅಗಲ. ನನ್ನ ಗಂಡನ ಹಣೆ ಅಂತ ಅವರು ಅಂದರು, ನನಗೆ ಹಾಗೇನೂ ಕಾಣಲಿಲ್ಲ. ಹೊಸ ಸೀರೆಯ ಗಂಜಿ ಚುಚ್ಚಿತೇನೋ, ಕಿರುಚಿ ಅತ್ತಿತು. ಅದರ ಬೆನ್ನಿಗೆ ಅಂಗೈಯಿಂದ ಮೆಲ್ಲಗೆ ತಟ್ಟಿದೆ. ಸುಮ್ಮನಾಗಲಿಲ್ಲ. ಬಹಳ ಹೊತ್ತು ತಟ್ಟಿದ ಮೇಲೆ ಮಲಗಿತು. ನನಗೆ ಬೇಕಾದದ್ದು ಸಿಕ್ಕಿತ್ತು. ಸಿಕ್ಕಾಗ ಆಗಬೇಕಾದಷ್ಟು ಸಂತೋಷ ಆಗಲಿಲ್ಲ, ಅದನ್ನು ವಿಜಯವಾಡದಲ್ಲಿ ಇಳಿಸಿಕೊಂಡಿದ್ದರು.

ಬೇಸಿಗೆಯಲ್ಲಿ ಮದುವೆಯ ಕಾರ್ಡು ಬಂತು. ಮೂಲೆಗೆ ಅರಿಶಿನ ಹಚ್ಚಿ, ಮಗ ಸೊಸೆಯ ಹೆಸರಿಗೆ ಬರೆದಿದ್ದರು. ಅವರಿಬ್ಬರೂ ಹೋಗಿ ಬಂದರು. ಸೊಸೆ ಫೋನಿನಲ್ಲಿ ಫೋಟೋಗಳನ್ನು ಒಂದೊಂದಾಗಿ ತೋರಿಸಿದಳು. ಚಪ್ಪರ, ಊಟ, ತಂಗಿಯ ರೇಷ್ಮೆ ಸೀರೆ. ಕೊನೆಗೆ ಮದುಮಗ ಮೋಟಾರ್‌ಸೈಕಲ್ಲಿನ ಮೇಲೆ ಕೂತ ಫೋಟೋ, ಹಿಂದೆ ಮದುಮಗಳು. ಹ್ಯಾಂಡಲ್ಲಿನ ತುಂಬ ಕನಕಾಂಬರ.

"ಮಾವಯ್ಯನ ಗಾಡಿ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ ಅತ್ತಯ್ಯಾ" ಅಂದಳು.

ಕನ್ನಡಕ ಹಾಕಿಕೊಂಡು ನೋಡಿದೆ. ಬೆರಳಿನಿಂದ ಫೋಟೋ ದೊಡ್ಡದು ಮಾಡುವುದನ್ನು ಮಗಳು ಹೇಳಿಕೊಟ್ಟಿದ್ದಳು, ಹಾಗೆ ಮಾಡಿ ಹಿಂದಿನ ಸೀಟು ನೋಡಿದೆ. ಕವರು ಹೊಸದು ಹಾಕಿಸಿದ್ದರು, ಕೆಂಪು ಬಣ್ಣದ್ದು. ಎಲ್ಲೂ ಹೊಲಿಗೆ ಕಾಣಲಿಲ್ಲ.